ಕೆಟ್ಟಿದ್ದು ಕಂಪ್ಯೂಟರೋ, ಡಿಸ್ಕೋ? ಡೇಟಾ ಉಳಿಸಿಕೊಳ್ಳಲು ಯಾವ ದಾರಿ ಹಿಡಿಯಬೇಕು

“ಸಿಪಿಯು ತಂದಿದ್ದೇನೆ, ಫಾರ್ಮ್ಯಾಟ್ ಮಾಡಿಕೊಡಿ. ಆದರೆ ಒಳಗಿರುವುದು ಏನೂ ಹೋಗಬಾರದು.” ತುಮಕೂರಿನ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಧ ದಿನ ಕುಳಿತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಫಾರ್ಮ್ಯಾಟ್ ಎಂದರೆ ಡಿಸ್ಕ್ ಅಳಿಸಿ ಹೊಸದಾಗಿ ಸಜ್ಜುಮಾಡುವುದು. ಮನೆ ಕೆಡವಿ, ಆದರೆ ಗೋಡೆಯ ಮೇಲಿನ ಫೋಟೊ ಅಲುಗಬಾರದು ಎಂದ ಹಾಗೆ. ಹೇಳುವವರಿಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ನನಗೂ ಒಂದು ಕಾಲದಲ್ಲಿ ಕಂಡಿರಲಿಲ್ಲ.

ನಾನು ರಿಪೇರಿಯವನಲ್ಲ, ಡಿಟಿಪಿ ಮಾಡುವವನು. ಲಗ್ನಪತ್ರಿಕೆ, ಕರಪತ್ರ, ಕ್ರಯಪತ್ರದ ಟೈಪಿಂಗ್, ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆ ನನ್ನ ಅನ್ನ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಕರೆಂಟ್ ಹೋಗಿ ಬಂದ ಮೇಲೆ ನನ್ನ ಕಂಪ್ಯೂಟರ್ ವಿಂಡೋಸ್ ತನಕ ಹೋಗದೆ, ಅರ್ಧದಲ್ಲೇ ಆರಿ ಮತ್ತೆ ಮತ್ತೆ ಚಾಲೂ ಆಗತೊಡಗಿತು. ಒಳಗೆ ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳ ಸ್ಮರಣ ಸಂಚಿಕೆಯ 140 ಪುಟಗಳಿದ್ದವು. ಆತುರದಲ್ಲಿ ಅಂಗಡಿಯೊಂದಕ್ಕೆ ಹೊತ್ತೊಯ್ದು “ಬೇಗ ಸರಿಮಾಡಿಕೊಡಿ” ಎಂದೆ. ಮರುದಿನ ಮಧ್ಯಾಹ್ನಕ್ಕೆ ಕಂಪ್ಯೂಟರ್ ಹೊಸದರ ಹಾಗೆ ಓಡುತ್ತಿತ್ತು; ಪುಟಗಳು ಇರಲಿಲ್ಲ. ಅವರನ್ನು ದೂರಲು ಬಾಯಿ ಬರಲಿಲ್ಲ. ನಾನು ಕೇಳಿದ್ದನ್ನೇ ಅವರು ಕೊಟ್ಟಿದ್ದರು.

ಯಂತ್ರವನ್ನು ಸರಿಮಾಡುವುದು ಒಂದು ಕೆಲಸ, ಡೇಟಾ ಉಳಿಸುವುದು ಇನ್ನೊಂದು. ಎಷ್ಟೋ ಸಲ ಮೊದಲನೆಯದು ಎರಡನೆಯದರ ಕುತ್ತಿಗೆ ಹಿಸುಕುತ್ತದೆ. ಹಾಗಾಗಿ ಮನೆಯಲ್ಲೇ ಮಾಡುವುದೋ, ಊರಿನ ಅಂಗಡಿಗೆ ಕೊಡುವುದೋ, ಬೆಂಗಳೂರಿನ ಲ್ಯಾಬ್‌ಗೆ ಒಯ್ಯುವುದೋ ಎಂಬ ಪ್ರಶ್ನೆಗೆ ಮುಂಚೆ, ಕೆಟ್ಟಿರುವುದು ಯಾವುದು ಎಂದು ಗೊತ್ತಾಗಬೇಕು. ಡಿಸ್ಕ್ ಗಟ್ಟಿಯಾಗಿದ್ದರೆ ಅವಸರವಿಲ್ಲ, ನಾಲ್ಕು ಪ್ರಯೋಗ ಮಾಡಬಹುದು. ಡಿಸ್ಕೇ ಸಾಯುತ್ತಿದ್ದರೆ ನಿಮಗಿರುವುದು ಹೆಚ್ಚೆಂದರೆ ಒಂದು ಅವಕಾಶ.

ಮೊದಲ ಹತ್ತು ನಿಮಿಷದ ತಪಾಸಣೆ

ಗುಂಡಿ ಒತ್ತಿದರೆ ದೀಪವೇ ಇಲ್ಲ, ಫ್ಯಾನ್ ತಿರುಗುವುದಿಲ್ಲ ಎಂದರೆ ಸಂತೋಷಪಡಿ. ಸಾಮಾನ್ಯವಾಗಿ ಹೋಗಿರುವುದು ಒಳಗೆ ಕರೆಂಟ್ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್, ಇಲ್ಲವೇ ಅದಕ್ಕೆ ಬರುವ ತಂತಿ. ಡಿಸ್ಕ್‌ನಲ್ಲಿ ಇದ್ದದ್ದು ಬಹುತೇಕ ಇದ್ದ ಹಾಗೇ ಇರುತ್ತದೆ. ಫ್ಯಾನ್ ತಿರುಗಿ, ಬೀಪ್ ಸದ್ದು ಬಂದು, ಪರದೆ ಕಪ್ಪಾಗಿಯೇ ಉಳಿದರೆ ಅನುಮಾನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಮೇಲೆ. ಕರೆಂಟ್ ತಂತಿ ಕಿತ್ತು, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ, ಎರಡೂ ಬದಿಯ ಚಿಲಕ ಟಕ್ ಎನ್ನುವಂತೆ ಮತ್ತೆ ಕೂರಿಸಿ. ಹತ್ತರಲ್ಲಿ ಐದಾರು ಕಂಪ್ಯೂಟರ್‌ಗಳು ನನ್ನ ಕಣ್ಣೆದುರೇ ಇಷ್ಟಕ್ಕೆ ಎದ್ದು ಕುಳಿತಿವೆ.

ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ಪಕ್ಕನೆ ಆರಿಹೋಗುವುದು ಬಿಸಿಯ ಲಕ್ಷಣ. ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಗದ್ದಿಗೆ ಪಕ್ಕದಲ್ಲಿದ್ದ ಕಂಪ್ಯೂಟರ್ ಹೀಗೆ ದಿನಕ್ಕೆ ಐದಾರು ಸಲ ಆರುತ್ತಿತ್ತು. ವೈರಸ್ ಎಂದು ಅವರು ಎರಡು ಸಲ ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ ಹಾಕಿಸಿದ್ದರು. ಮುಚ್ಚಳ ತೆಗೆದಾಗ ಪ್ರೊಸೆಸರ್ ಮೇಲಿನ ಫ್ಯಾನ್ ಕೆಳಗೆ ನಾರು, ದೂಳು, ಕೊಬ್ಬರಿಯ ಎಣ್ಣೆಪಸೆ ಎಲ್ಲ ಸೇರಿ ಕಂಬಳಿಯ ಹಾಗೆ ದಟ್ಟವಾಗಿ ಕುಳಿತಿತ್ತು. ಬೆರಳಿನಿಂದ ಎತ್ತಿದರೆ ಒಂದೇ ತುಂಡಾಗಿ ಬಂತು. ಕುಂಚದಿಂದ ಗುಡಿಸಿ, ಪ್ರೊಸೆಸರಿನ ಬಿಸಿ ಸಾಗಿಸುವ, ಒಣಗಿದ್ದ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ ಮತ್ತೆ ಆರಲಿಲ್ಲ. ಎರಡು ಸಲದ ಫಾರ್ಮ್ಯಾಟ್‌ನಲ್ಲಿ ಹೋದ ಹಳೆಯ ಲೆಕ್ಕ ಮಾತ್ರ ಮರಳಲಿಲ್ಲ.

ಗಡಿಯಾರ ಪ್ರತಿದಿನ ಹಳೆಯ ಇಸವಿಗೆ ಜಾರುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿದರೆ ಸಾಕು. ನೀಲಿ ಪರದೆ ಬರುತ್ತಿದ್ದರೆ ಅದರ ಕೆಳಗಿನ ಸಾಲನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಪ್ರತಿ ಸಲವೂ ಒಂದೇ ಸಂದೇಶವಾದರೆ ಯಂತ್ರದ ಭಾಗವನ್ನು ಓಡಿಸುವ ಯಾವುದೋ ತಂತ್ರಾಂಶದ, ಅಂದರೆ ಡ್ರೈವರ್‌ನ ಮೇಲೆ ಅನುಮಾನ. ಸಲಕ್ಕೊಂದು ಬೇರೆ ಬೇರೆ ಸಂದೇಶವಾದರೆ ರ‍್ಯಾಮ್ ಮೇಲೆ. ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಆ ರ‍್ಯಾಮ್ ಬೇಡ.

ಇಲ್ಲೊಂದು ಮಾತು. ಸ್ವಲ್ಪ ತಿಳಿದವರು ವಿಂಡೋಸ್ ತನ್ನ ದಿನಚರಿ ಬರೆದಿಡುವ ಈವೆಂಟ್ ವ್ಯೂವರ್ ತೆರೆದು, ಕರ್ನಲ್ ಪವರ್ 41 ಎಂಬ ದಾಖಲೆ ತೋರಿಸಿ “ನೋಡಿ, ಕಾರಣ ಸಿಕ್ಕಿತು” ಎನ್ನುತ್ತಾರೆ. ಆ ದಾಖಲೆ ಹೇಳುವುದು ಕಂಪ್ಯೂಟರ್ ಸರಿಯಾಗಿ ಮುಚ್ಚದೆ ಆರಿತು ಎಂದಷ್ಟೇ. ಅದು ನಮಗೂ ಗೊತ್ತಿತ್ತು.

ಈಗ ನಿಜವಾಗಿ ಭಯಪಡಬೇಕಾದ ಲಕ್ಷಣಗಳು. ಒಂದು ಫೋಲ್ಡರ್ ತೆರೆದ ಕೂಡಲೇ ಎಲ್ಲವೂ ಕಲ್ಲಾಗಿ ನಿಲ್ಲುವುದು, ಡಿಸ್ಕ್ ದೀಪ ಆರದೆ ಉರಿಯುತ್ತಲೇ ಇರುವುದು, ವಿಂಡೋಸ್ ಏಳಲು ಇಪ್ಪತ್ತು ನಿಮಿಷ ಹಿಡಿಯುವುದು, ಫೈಲುಗಳ ಹೆಸರು ಚಿತ್ರವಿಚಿತ್ರವಾಗಿ ಬದಲಾಗುವುದು. ಎಲ್ಲಕ್ಕಿಂತ ಕೆಟ್ಟದ್ದು, ಗೋಡೆ ಗಡಿಯಾರದ ಹಾಗೆ ಲಯವಾಗಿ ಟಕ್, ಟಕ್ ಎನ್ನುವ ಸದ್ದು. ಡಿಸ್ಕ್‌ನ ಓದುವ ಮುಳ್ಳಾದ ಹೆಡ್ ತಾನೆಲ್ಲಿದ್ದೇನೆ ಎಂದು ಓದಲಾಗದೆ ಮತ್ತೆ ಮತ್ತೆ ಮೊದಲಿನ ಜಾಗಕ್ಕೆ ಮರಳುತ್ತಿರುವ ಸದ್ದು ಅದು. ಇದನ್ನು ಕೇಳಿದಾಗ ಗೋಡೆಯ ಸ್ವಿಚ್ ಆರಿಸಿಬಿಡಿ. ಇನ್ನೊಮ್ಮೆ ನೋಡೋಣ ಎಂಬ ಆಸೆಯೇ ಎಷ್ಟೋ ಡಿಸ್ಕ್‌ಗಳ ಕೊನೆಯ ಉಸಿರು.

ಸದ್ದಿಲ್ಲದೆ ನಿಧಾನವಾಗಿರುವ ಹಾರ್ಡ್ ಡಿಸ್ಕ್‌ನ ಆರೋಗ್ಯ ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಅದರ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲು ನೋಡಿ. 05 ಎಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಸರಿಸಿದ ತುಣುಕುಗಳು. ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ತುಣುಕುಗಳು. ಸಿ6 ಎಂದರೆ ಸರಿಪಡಿಸಲು ಆಗದವು. ಮೂರೂ ಸೊನ್ನೆಯಾಗಿದ್ದರೆ ಒಂದಿಷ್ಟು ಧೈರ್ಯ ತಂದುಕೊಳ್ಳಬಹುದು. ಸಿ7 ಮಾತ್ರ ಏರಿದ್ದರೆ ಹೆಚ್ಚಿನ ಸಲ ತಪ್ಪು ಡಿಸ್ಕ್‌ನದಲ್ಲ, ಅದನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್‌ನದು. ಹೊಸ ಕೇಬಲ್ ಹಾಕಿದರೆ ಮುಗಿಯಿತು. ಅಲ್ಲಿನ ಅಂಕಿಗಳು ಮೊದಲಿಗೆ ಹದಿನಾರರ ಎಣಿಕೆಯಲ್ಲಿ ಕಾಣುತ್ತವೆ, ಹತ್ತರ ಎಣಿಕೆಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ 10 ಎಂದು ಓದಿದ್ದು 16 ಆಗಿರುತ್ತದೆ.

ಡಿಸ್ಕ್ ಗಟ್ಟಿಯಾಗಿದೆ, ವಿಂಡೋಸ್ ಹಾರಿಹೋಗಿದೆ

ನನ್ನ ಸ್ಮರಣ ಸಂಚಿಕೆ ಇದೇ ಸ್ಥಿತಿಯಲ್ಲಿತ್ತು ಎಂದು ಈಗ ಅನಿಸುತ್ತದೆ. ಇಲ್ಲಿ ದಾರಿಗಳು ಹಲವು, ಒಂದಕ್ಕಿಂತ ಒಂದು ಸುಲಭ, ಅದೇ ತೊಂದರೆ.

ಸ್ಟಾರ್ಟ್‌ಅಪ್ ರಿಪೇರಿ ಎಂಬುದು ವಿಂಡೋಸ್ ತಾನೇ ಮುಂದಿಡುವ ಮೊದಲ ಆಯ್ಕೆ. ಕಳೆದುಕೊಳ್ಳುವುದೇನೂ ಇಲ್ಲ, ಒಮ್ಮೆ ಬಿಟ್ಟು ನೋಡಿ. ಅದು ಕೈಚೆಲ್ಲಿದ ಮೇಲೆ “ರೀಸೆಟ್” ಬರುತ್ತದೆ, ಅದರಲ್ಲಿ ನಿಮ್ಮ ಫೈಲುಗಳನ್ನು ಉಳಿಸಿಕೊಳ್ಳುವ ಆಯ್ಕೆಯೂ ಇರುತ್ತದೆ. ಹೆಸರು ಸಮಾಧಾನ ಕೊಡುತ್ತದೆ, ನಿಜ. ಆದರೆ ವಿಂಡೋಸ್ “ನಿಮ್ಮ ಫೈಲು” ಎನ್ನುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಬಳಕೆದಾರರ ಫೋಲ್ಡರುಗಳನ್ನು. ಹಾಕಿಕೊಂಡಿದ್ದ ತಂತ್ರಾಂಶಗಳೆಲ್ಲ ಹೋಗುತ್ತವೆ. ಲೆಕ್ಕದ ತಂತ್ರಾಂಶದ ಪಕ್ಕದಲ್ಲೇ ಸಿ ಡ್ರೈವ್‌ನಲ್ಲಿ ಇಟ್ಟಿದ್ದ ವ್ಯಾಪಾರದ ಡೇಟಾ ಫೋಲ್ಡರ್ ಅದರ ಕಣ್ಣಿಗೆ “ನಿಮ್ಮದು” ಎಂದು ಕಾಣುತ್ತದೆ ಎಂದು ನಂಬಿ ಕೂರಬೇಡಿ. ಅಂತರಸನಹಳ್ಳಿಯ ಮಂಡಿಯವರು, ಅಡಿಗೆರೆ ಹಾಕಿಕೊಳ್ಳಬೇಕಾದ ಸಾಲು ಇದು.

ಮೂರನೆಯದು, ಫಾರ್ಮ್ಯಾಟ್ ಮಾಡದೆ ಹಳೆಯ ವಿಂಡೋಸ್ ಇದ್ದ ಜಾಗದಲ್ಲೇ ಹೊಸದನ್ನು ಹಾಕುವುದು. ಹೀಗೆ ಮಾಡಿದರೆ ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್ ಒಳಗೆ ಮೂಟೆಯಾಗಿ ಉಳಿಯುತ್ತದೆ. ಸಾಮಾನ್ಯವಾಗಿ ಹತ್ತು ದಿನಗಳ ನಂತರ ಆ ಮೂಟೆ ತಾನಾಗಿ ಅಳಿಯುತ್ತದೆ, ಆದ್ದರಿಂದ ಅಂದೇ ಬಿಚ್ಚಿ ಬೇಕಾದ್ದನ್ನು ಬೇರೆಡೆ ಇಡಬೇಕು. ಅಂಗಡಿಗೆ ಕೊಡುವವರು ಈ ಒಂದು ಹೆಸರನ್ನು ಬಾಯಿಪಾಠ ಮಾಡಿಕೊಂಡು ಹೋದರೂ ಲಾಭವಿದೆ.

ಆದರೆ ಇವೆಲ್ಲವೂ ಯಂತ್ರ ಸರಿಮಾಡುವ ದಾರಿಗಳು. ನನ್ನ ಆಯ್ಕೆ ಬೇರೆ: ಮೊದಲು ನಕಲು, ಆಮೇಲೆ ರಿಪೇರಿ. ನಕಲಿಗೆ ಎರಡು ಬಗೆ. ಒಂದು, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಇನ್ನೊಂದು ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಕೆಟ್ಟ ಕಂಪ್ಯೂಟರನ್ನು ಅದರಿಂದ ಚಾಲೂ ಮಾಡುವುದು. ಏನನ್ನೂ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಪೂರ್ತಿ ಪರದೆ ಏಳುತ್ತದೆ, ನಿಮ್ಮ ಡಿ ಡ್ರೈವ್, ಸಿ ಡ್ರೈವ್ ಎರಡೂ ಕಾಣುತ್ತವೆ, ಹೊರಗಿನ ಡಿಸ್ಕ್ ಚುಚ್ಚಿ ಎಳೆದು ಹಾಕಿಕೊಳ್ಳಬಹುದು. ಖರ್ಚಿಲ್ಲ. ಸ್ಕ್ರೂ ಬಿಚ್ಚುವುದಿಲ್ಲ. ಎರಡನೆಯದು, ಡಿಸ್ಕ್ ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸುವುದು. ಕೇಬಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡೆಸ್ಕ್‌ಟಾಪ್‌ನ ದಪ್ಪ ಡಿಸ್ಕ್ ಆದರೆ ಜೊತೆಗೆ ಅಡಾಪ್ಟರ್ ಇರುವುದನ್ನೇ ಕೊಳ್ಳಿ, ಅದಕ್ಕೆ ಯುಎಸ್‌ಬಿಯ ಕರೆಂಟ್ ಸಾಲದು. ಮದರ್‌ಬೋರ್ಡ್ ಅಥವಾ ಎಸ್‌ಎಂಪಿಎಸ್ ಹೋಗಿದ್ದಾಗ ಇದೊಂದೇ ದಾರಿ. ಎರಡೂ ಸಾಧ್ಯವಿದ್ದಾಗ ನಾನು ಪೆನ್‌ಡ್ರೈವ್‌ನ ಕಡೆ. ವಿಂಡೋಸ್ ಇರುವ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು “ಡಿಸ್ಕ್ ಫಾರ್ಮ್ಯಾಟ್ ಮಾಡಲೇ?” ಎಂದು ಕೇಳುವುದುಂಟು, ಪಕ್ಕದಲ್ಲಿದ್ದವರು ಅಭ್ಯಾಸಬಲದಿಂದ ಹೌದು ಎಂದು ಒತ್ತುವುದೂ ಉಂಟು.

ಹೊಸ ಕಂಪ್ಯೂಟರ್‌ಗಳಲ್ಲಿ ಒಂದು ಬೀಗ ಅಡ್ಡ ಬರುತ್ತದೆ. ವಿಂಡೋಸ್ 11 ಇರುವ ಎಷ್ಟೋ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದಾಗಲೇ ಡಿಸ್ಕ್ ಗೂಢಲಿಪಿಯಾಗಿರುತ್ತದೆ; ಮಾಲೀಕರಿಗೆ ಸುದ್ದಿಯೇ ಇರುವುದಿಲ್ಲ. ಡಿಸ್ಕ್ ಬಿಚ್ಚಿ ಬೇರೆಡೆ ಸಿಕ್ಕಿಸಿದಾಗ 48 ಅಂಕಿಗಳ ಬಿಟ್‌ಲಾಕರ್ ಕೀಲಿ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಆ ಖಾತೆಯನ್ನು ಕಂಪ್ಯೂಟರ್ ಕೊಟ್ಟ ಅಂಗಡಿಯ ಹುಡುಗ ತನ್ನ ಮೊಬೈಲ್ ನಂಬರಿನಲ್ಲಿ ತೆರೆದಿದ್ದರೆ ದೇವರೇ ಗತಿ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಆ ಅಂಕಿಗಳನ್ನು ಕಾಗದದ ಮೇಲೆ ಬರೆದು ಪಹಣಿ, ಕ್ರಯಪತ್ರ ಇಡುವ ಟ್ರಂಕಿನಲ್ಲಿ ಹಾಕಿಡಿ.

“ನನ್ನದೆಲ್ಲ ಡಿ ಡ್ರೈವ್‌ನಲ್ಲಿದೆ, ಏನೂ ಆಗುವುದಿಲ್ಲ” ಎನ್ನುವವರಿಗೆ: ವಿಂಡೋಸ್ ಹಾರಿದಾಗ ಅದು ನಿಜ. ಡಿಸ್ಕ್ ಹೋದಾಗ ಅಲ್ಲ. ಒಂದೇ ಹೊಲಕ್ಕೆ ನಡುವೆ ಬದು ಹಾಕಿದರೆ ಎರಡು ಹೊಲವಾದಂತೆ ಕಾಣುತ್ತದೆ. ಕೆರೆ ಒಡೆದಾಗ ನೀರು ಬದು ನೋಡುವುದಿಲ್ಲ.

ಅಳಿಸಿಹೋಗಿದೆ ಅಥವಾ ಫಾರ್ಮ್ಯಾಟ್ ಆಗಿದೆ

ಡಿಸ್ಕ್ ಚೆನ್ನಾಗಿದ್ದು ಫೈಲು ಮಾತ್ರ ಅಳಿದಿದ್ದರೆ, ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ ಮತ್ತು ಚಿಪ್ಪಿನಲ್ಲಿ ಬರೆದಿಡುವ ಎಸ್‌ಎಸ್‌ಡಿ ನಡುವಿನ ವ್ಯತ್ಯಾಸ ಎಲ್ಲಕ್ಕಿಂತ ದೊಡ್ಡದು. ಹಾರ್ಡ್ ಡಿಸ್ಕ್‌ನಲ್ಲಿ ಫೈಲು ಅಳಿಸಿದರೆ ಹೋಗುವುದು ಪಟ್ಟಿಯಲ್ಲಿದ್ದ ಹೆಸರು ಮಾತ್ರ. ಅಕ್ಷರಗಳು ಅದೇ ಜಾಗದಲ್ಲಿ ಹೊಸದು ಬಂದು ಕೂರುವ ತನಕ ಬಿದ್ದಿರುತ್ತವೆ. ಕ್ವಿಕ್ ಫಾರ್ಮ್ಯಾಟ್ ಕೂಡ ಪಟ್ಟಿಯನ್ನಷ್ಟೇ ಹರಿಯುತ್ತದೆ. ಕ್ವಿಕ್ ಎಂಬುದರ ಮುಂದಿನ ಚಿಕ್ಕ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಕಥೆ ಬೇರೆ: ವಿಂಡೋಸ್ ವಿಸ್ತಾದಿಂದ ಈಚೆಗೆ ಅದು ಡಿಸ್ಕ್ ತುಂಬ ಸೊನ್ನೆ ಬರೆಯುತ್ತದೆ, ಮರಳಿ ಪಡೆಯುವ ಮಾತಿಲ್ಲ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಇದೆ. ಫೈಲು ಅಳಿಸಿದೊಡನೆ ಈ ಜಾಗ ಖಾಲಿ ಎಂದು ವಿಂಡೋಸ್ ಡಿಸ್ಕ್‌ಗೆ ಹೇಳುತ್ತದೆ, ಡಿಸ್ಕ್ ತನ್ನ ಪಾಡಿಗೆ ಅದನ್ನು ತೊಳೆದುಬಿಡುತ್ತದೆ. ವೇಗ ಬರುವುದು ಹೀಗೆ, ಡೇಟಾ ಹೋಗುವುದೂ ಹೀಗೆಯೇ. ಒಳಗಿನ ಎಸ್‌ಎಸ್‌ಡಿಯಿಂದ ಅಳಿಸಿದ ಫೈಲನ್ನು ಖಂಡಿತ ತೆಗೆದುಕೊಡುತ್ತೇನೆ ಎಂದು ಮುಂಗಡ ಕೇಳುವವರಿಂದ ದೂರ ಇರಿ.

ಹಾರ್ಡ್ ಡಿಸ್ಕ್‌ಗೆ ತಂತ್ರಾಂಶಗಳ ಆಯ್ಕೆ ಹೀಗೆ. ಇವತ್ತು ಬೆಳಗ್ಗೆ ಅಳಿಸಿದ ನಾಲ್ಕು ಫೈಲುಗಳಿಗೆ ರೆಕುವಾ ಸಾಕು. ಬಳಸಲು ಸುಲಭ, ಹೆಸರು ಸಮೇತ ಸಿಗುವ ಸಾಧ್ಯತೆ ಇದೆ. ಪಾರ್ಟಿಷನ್ನೇ ಮಾಯವಾಗಿ ಡಿ ಡ್ರೈವ್ ಕಾಣದಿದ್ದರೆ ಟೆಸ್ಟ್‌ಡಿಸ್ಕ್. ಕಪ್ಪು ಪರದೆ, ಬಾಣದ ಕೀಲಿಗಳು, ಒಂದಿಷ್ಟು ಎದೆಗಾರಿಕೆ ಬೇಕು, ಆದರೆ ಕೈ ಹಿಡಿದರೆ ಫೋಲ್ಡರ್, ಹೆಸರು ಎಲ್ಲ ಇದ್ದಂತೆ ಮರಳುತ್ತದೆ. ಫಾರ್ಮ್ಯಾಟ್ ಆಗಿ ಪಟ್ಟಿ ಪೂರ್ತಿ ಹೋಗಿದ್ದರೆ ಅದೇ ಲೇಖಕರ ಫೋಟೊರೆಕ್. ಹೆಸರಿನಲ್ಲಿ ಫೋಟೊ ಇದ್ದರೂ 480ಕ್ಕೂ ಹೆಚ್ಚು ಬಗೆಯ ಫೈಲುಗಳನ್ನು ಅವುಗಳ ಮೊದಲ ಕೆಲವು ಅಕ್ಷರಗಳ ಗುರುತಿನಿಂದ ಹೆಕ್ಕುತ್ತದೆ. ಟೆಸ್ಟ್‌ಡಿಸ್ಕ್, ಫೋಟೊರೆಕ್ ಎರಡೂ ಪೂರ್ತಿ ಉಚಿತ. ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳು ಇನ್ನೂ ಚೆಂದವಾಗಿ ತೋರಿಸುತ್ತವೆ. ಮೊದಲು ಉಚಿತವಾಗಿ ಹುಡುಕಿ ಪಟ್ಟಿ ತೋರಿಸಿ, ಉಳಿಸಿಕೊಳ್ಳುವಾಗ ದುಡ್ಡು ಕೇಳುವುದು ಅವುಗಳ ರೂಢಿ. ಪಟ್ಟಿಯಲ್ಲಿ ನಿಮ್ಮ ಫೈಲು ತೆರೆದು ನೋಡಲು ಸಿಕ್ಕಿದರೆ ಮಾತ್ರ ಹಣ ಕಟ್ಟಿ.

ಯಾವುದನ್ನು ಆರಿಸಿದರೂ ತಂತ್ರಾಂಶವನ್ನು ಆ ಡಿಸ್ಕ್‌ಗೇ ಇನ್‌ಸ್ಟಾಲ್ ಮಾಡಬೇಡಿ, ಸಿಕ್ಕಿದ್ದನ್ನು ಅದೇ ಡಿಸ್ಕ್‌ಗೆ ಉಳಿಸಬೇಡಿ. ಬಾವಿಗೆ ಬಿದ್ದ ಬಿಂದಿಗೆ ಹುಡುಕುತ್ತ ಬಾವಿಗೆ ಮಣ್ಣು ಸುರಿದ ಹಾಗಾಗುತ್ತದೆ.

ಫೋಟೊರೆಕ್‌ನ ಕುಂದು ಎಂದರೆ ಅದು ಹೆಸರುಗಳನ್ನು ತರುವುದಿಲ್ಲ. ಎಫ್ ಅಕ್ಷರದ ಮುಂದೆ ಏಳೆಂಟು ಅಂಕಿ, ಅಷ್ಟೇ. ಸಾವಿರಾರು ಫೈಲುಗಳ ರಾಶಿ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಬೇರೆ ಬಲೆ ಇದೆ, ಅದನ್ನು ನಾನು ಬೇರೆಲ್ಲೂ ಬರೆದದ್ದು ನೋಡಿಲ್ಲ.

ಗುಬ್ಬಿ ಕಡೆಯ ನಿವೃತ್ತ ಮೇಷ್ಟರೊಬ್ಬರು ತಮ್ಮ ಊರಿನ ದೇವಸ್ಥಾನ, ಕೆರೆ, ಮನೆತನಗಳ ಬಗ್ಗೆ ಹತ್ತು ವರ್ಷ ಟೈಪ್ ಮಾಡಿದ್ದರು. ಮೊಮ್ಮಗ ಆಟ ಹಾಕಿಸಲು ಹೋಗಿ ಡಿಸ್ಕ್ ಫಾರ್ಮ್ಯಾಟ್ ಆಯಿತು. ಯಾರೋ ಪುಣ್ಯಾತ್ಮರು ಫೋಟೊರೆಕ್ ಓಡಿಸಿ ಎಲ್ಲವನ್ನೂ ಪೆನ್‌ಡ್ರೈವ್‌ಗೆ ತುಂಬಿಕೊಟ್ಟು, “ಫೋಟೊ ಬಂದಿದೆ ಸಾರ್, ಡಾಕ್ಯುಮೆಂಟ್ ಎಲ್ಲ ಕರಪ್ಟ್, ಡಿಲೀಟ್ ಮಾಡಿ” ಎಂದಿದ್ದರಂತೆ. ಮೇಷ್ಟರು ಡಿಲೀಟ್ ಮಾಡಿರಲಿಲ್ಲ. ಕಾಗದವನ್ನೂ ಎಸೆಯದ ಪೀಳಿಗೆ. ನನ್ನ ಅಂಗಡಿಯಲ್ಲಿ ಒಂದನ್ನು ತೆರೆದೆವು. ಪುಟದ ತುಂಬ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು, ನಡುನಡುವೆ ಡಿಗ್ರಿ ಚಿಹ್ನೆ. ನೋಡಿದ ಯಾರೂ ಕೆಟ್ಟುಹೋಗಿದೆ ಎನ್ನಲೇಬೇಕು. ಆದರೆ ಎರಡು ದಶಕ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿದವನ ಕಣ್ಣಿಗೆ ಅದು ಕೆಟ್ಟ ಫೈಲಲ್ಲ, ಫಾಂಟ್ ಇಲ್ಲದ ಫೈಲು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿಯಾದ ಯುನಿಕೋಡ್ ಬರುವ ಮುಂಚಿನ ನುಡಿ ಅಕ್ಷರಗಳು ಒಳಗೆ ರೋಮನ್ ಗುರುತುಗಳಾಗಿಯೇ ಕೂತಿರುತ್ತವೆ; ಫಾಂಟ್ ಅವಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಹಳೆಯ ನುಡಿ ಫಾಂಟ್ ಹಾಕಿ ಮತ್ತೆ ತೆರೆದಾಗ ಮೊದಲ ಸಾಲಿನಲ್ಲೇ ಅವರ ಊರಿನ ಹೆಸರಿತ್ತು. ಮೇಷ್ಟರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, “ಇಲ್ಲಿ ದೀರ್ಘ ತಪ್ಪಿದೆ” ಎಂದರು.

ಆದ್ದರಿಂದ ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡಿದವರು ಮರಳಿ ಬಂದ ಫೈಲನ್ನು ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ನೋಡುವ ತನಕ ಅಳಿಸಬಾರದು. ಹುಡುಕುವಾಗಲೂ ಯುನಿಕೋಡ್‌ನಲ್ಲಿ ಕನ್ನಡ ಪದ ಟೈಪ್ ಮಾಡಿದರೆ ಸಿಗುವುದಿಲ್ಲ. ಆ ಫಾಂಟಿನಲ್ಲೇ ಪದ ಟೈಪ್ ಮಾಡಿ ನಕಲಿಸಿ ಹುಡುಕಬೇಕು.

ಡಿಸ್ಕ್ ಸಾಯುತ್ತಿದೆ

ಇಲ್ಲಿ ಹೋಲಿಕೆ ಮೂರು ದಾರಿಗಳ ನಡುವೆ. ಅದಕ್ಕೂ ಮುಂಚೆ ಮಾಡಬಾರದ್ದು ನಾಲ್ಕು. ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲು ಉಳಿಸುವ ತಂತ್ರಾಂಶವಲ್ಲ, ಪಟ್ಟಿಯನ್ನು ಸರಿಮಾಡುವ ತಂತ್ರಾಂಶ. ಲೆಕ್ಕ ಹೊಂದಿಸಲು ತುಂಡುಗಳನ್ನು ಕತ್ತರಿಸಿ ಎಸೆಯಲೂ ಹೇಸುವುದಿಲ್ಲ, ಜೊತೆಗೆ ಬಸವಳಿದ ಡಿಸ್ಕ್ ಅನ್ನು ಗಂಟೆಗಟ್ಟಲೆ ಓಡಿಸುತ್ತದೆ. ಫ್ರಿಜ್‌ನಲ್ಲಿಟ್ಟರೆ ಒಮ್ಮೆ ಓಡುತ್ತದೆ ಎಂಬ ಹಳೆಯ ಮಾತು ಕೇಳಬೇಡಿ; ಹೊರತೆಗೆದಾಗ ಒಳಗೆ ನೀರಹನಿ ಕೂರುತ್ತದೆ. ಅಂಥದೇ ಡಿಸ್ಕ್ ತಂದು ಅದರ ತಳದ ಹಸಿರು ಬೋರ್ಡ್ ಬದಲಿಸಿದರೆ ಸಾಕು ಎಂಬುದೂ ಹಳೆಯ ಕಾಲಕ್ಕೆ ಸರಿ. ಈಗಿನ ಡಿಸ್ಕ್‌ಗಳಲ್ಲಿ ಆಯಾ ಡಿಸ್ಕ್‌ಗೇ ಹೊಂದಿಸಿದ ಮಾಹಿತಿ ಬೋರ್ಡಿನ ಚಿಪ್‌ನಲ್ಲಿರುತ್ತದೆ, ಅದನ್ನೂ ಸಾಗಿಸದೆ ಪ್ರಯೋಜನವಿಲ್ಲ. ಮುಚ್ಚಳ ಬಿಚ್ಚುವ ಮಾತಂತೂ ಬೇಡವೇ ಬೇಡ. ಹೆಡ್ ಮತ್ತು ತಟ್ಟೆಯ ನಡುವಿನ ಅಂತರ ನ್ಯಾನೋಮೀಟರ್‌ಗಳ ಲೆಕ್ಕದ್ದು, ಬಿ.ಎಚ್. ರಸ್ತೆಯ ದೂಳಿನ ಕಣವೊಂದು ಅದಕ್ಕೆ ಗುಡ್ಡ.

ಮನೆಯಲ್ಲೇ ಮಾಡುವ ದಾರಿ: ಟಕ್ ಟಕ್ ಸದ್ದಿಲ್ಲ, ಕಂಪ್ಯೂಟರ್ ಏಳುವಾಗಿನ ಮೊದಲ ಪರದೆಯಾದ ಬಯಾಸ್‌ನಲ್ಲಿ ಡಿಸ್ಕ್‌ನ ಹೆಸರು ಸರಿಯಾಗಿ ಕಾಣುತ್ತದೆ, ಆದರೆ ಸಿ5 ಏರಿದೆ ಎಂಬ ಸ್ಥಿತಿಯಲ್ಲಿ ಮಾತ್ರ. ಆಗಲೂ ಫೈಲು ಫೈಲಾಗಿ ಎಳೆಯುವುದಕ್ಕಿಂತ ಲಿನಕ್ಸ್‌ನ ಡಿಡಿರೆಸ್ಕ್ಯೂ ಉತ್ತಮ. ಅದು ಡಿಸ್ಕ್‌ನ ಪೂರ್ತಿ ಅಚ್ಚನ್ನು ಇನ್ನೊಂದು ಡಿಸ್ಕ್‌ಗೆ ತೆಗೆಯುತ್ತದೆ. ಸುಲಭವಾಗಿ ಓದಿಸಿಕೊಳ್ಳುವ ಜಾಗಗಳನ್ನು ಮೊದಲು ಬಾಚಿಕೊಂಡು, ಹಟ ಮಾಡುವ ಜಾಗಗಳಿಗೆ ಕೊನೆಯಲ್ಲಿ ಬರುತ್ತದೆ. ಎಲ್ಲಿಯವರೆಗೆ ಆಯಿತು ಎಂದು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಆಮೇಲೆ ಹುಡುಕಾಟವೆಲ್ಲ ಅಚ್ಚಿನ ಮೇಲೆ, ಮೂಲ ಡಿಸ್ಕ್‌ಗೆ ವಿಶ್ರಾಂತಿ. ಅಪಾಯ ಒಂದೇ: ಎಲ್ಲಿಂದ, ಎಲ್ಲಿಗೆ ಎಂಬ ಎರಡು ಹೆಸರುಗಳು ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಡೇಟಾದ ಮೇಲೆ ಅಚ್ಚಾಗುತ್ತದೆ. ಇದನ್ನು ಓದಿ ಕೈ ನಡುಗಿದರೆ ನೀವು ಮಾಡಬೇಡಿ.

ಊರಿನ ಅಂಗಡಿ: ಹತ್ತಿರ, ಅಗ್ಗ, ಮುಖಪರಿಚಯ. ಎಸ್‌ಎಂಪಿಎಸ್, ರ‍್ಯಾಮ್, ವಿಂಡೋಸ್ ಕೆಲಸಕ್ಕೆ ಬೇರೆಲ್ಲಿಗೂ ಹೋಗುವ ಅಗತ್ಯವಿಲ್ಲ. ಡೇಟಾಕ್ಕೆ ಕೊಡುವ ಮುಂಚೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: “ಮೊದಲು ಡಿಸ್ಕ್‌ನ ಇಮೇಜ್ ತೆಗೆಯುತ್ತೀರಾ, ನೇರವಾಗಿ ಸ್ಕ್ಯಾನ್ ಮಾಡುತ್ತೀರಾ?” ಇಮೇಜ್ ಎಂದರೆ ಮೇಲೆ ಹೇಳಿದ ಪೂರ್ತಿ ಅಚ್ಚು. ಇಮೇಜ್ ಎಂದವರ ಹತ್ತಿರ ಬಿಟ್ಟುಬರುತ್ತೇನೆ. ಪ್ರಶ್ನೆಯೇ ಅರ್ಥವಾಗದವರ ಹತ್ತಿರ ಒಂದು ಚಹಾ ಕುಡಿದು ಎದ್ದುಬರುತ್ತೇನೆ. ಚೀಟಿಯ ಮೇಲೆ “ಫಾರ್ಮ್ಯಾಟ್ ಮಾಡಬಾರದು” ಎಂದು ಕೆಂಪು ಶಾಯಿಯಲ್ಲಿ ಬರೆಸಿ ಕ್ಯಾಬಿನೆಟ್ ಮೇಲೆ ಅಂಟಿಸುವುದನ್ನೂ ಕಲಿತಿದ್ದೇನೆ. ಬೆಳಗ್ಗೆ ಮಾತು ಕೇಳಿಸಿಕೊಂಡವರೇ ಸಂಜೆ ಸ್ಕ್ರೂಡ್ರೈವರ್ ಹಿಡಿಯುತ್ತಾರೆ ಎಂದೇನಿಲ್ಲ.

ಬೆಂಗಳೂರಿನ ಲ್ಯಾಬ್: ಟಕ್ ಟಕ್ ಡಿಸ್ಕ್, ಬಿದ್ದ ಡಿಸ್ಕ್, ಬಯಾಸ್‌ನಲ್ಲಿ ಕಾಣದ ಡಿಸ್ಕ್‌ಗೆ ಇದೇ ದಾರಿ. ದೂಳಿಲ್ಲದ ಕೋಣೆಯಲ್ಲಿ ಹೆಡ್ ಬದಲಿಸಿ ಓದುವ ಕೆಲಸ. ಬಿಲ್ಲು ಸಾವಿರಗಳಲ್ಲಿ ಆರಂಭವಾಗಿ ಹತ್ತಾರು ಸಾವಿರಕ್ಕೆ ಏರುತ್ತದೆ. ಲ್ಯಾಬ್ ಎಂಬ ಬೋರ್ಡ್ ಇರುವಲ್ಲೆಲ್ಲ ಅಂಥ ಕೋಣೆ ಇರುವುದಿಲ್ಲ, ಆದ್ದರಿಂದ ಕೇಳಿ: ಡಿಸ್ಕ್ ಇಲ್ಲೇ ತೆರೆಯುತ್ತೀರಾ, ಬೇರೆ ಕಡೆ ಕಳಿಸುತ್ತೀರಾ? ಪರೀಕ್ಷೆಗೆ ಎಷ್ಟು, ಡೇಟಾ ಸಿಗದಿದ್ದರೆ ಎಷ್ಟು? ಫೈಲುಗಳ ಪಟ್ಟಿ ತೋರಿಸಿದ ಮೇಲೆ ಹಣವೋ, ಮೊದಲೋ? ಮೂಲ ಡಿಸ್ಕ್ ಮರಳಿ ಕೊಡುತ್ತೀರಾ? ನಮ್ಮ ಫೋಟೊ, ಲೆಕ್ಕಪತ್ರಗಳ ನಕಲು ನಿಮ್ಮಲ್ಲಿ ಎಷ್ಟು ದಿನ ಇರುತ್ತದೆ? ಉತ್ತರಗಳು ಬರವಣಿಗೆಯಲ್ಲಿ ಬರಲಿ. ತುಮಕೂರಿನಿಂದ 70 ಕಿಲೋಮೀಟರ್. ಕೊರಿಯರ್‌ಗಿಂತ ರೈಲಿನಲ್ಲಿ ನೀವೇ ಒಯ್ಯುವುದು ಮೇಲು. ಆಂಟಿಸ್ಟ್ಯಾಟಿಕ್ ಚೀಲ ಇಲ್ಲವಾದರೆ ಒಣ ಕಾಗದದ ಲಕೋಟೆ, ಅದರ ಸುತ್ತ ಟವೆಲ್, ತೊಡೆಯ ಮೇಲೆ ಚೀಲ. ಕ್ಯಾಬಿನೆಟ್ ಹೊತ್ತು ಹೋಗುವ ಅಗತ್ಯವಿಲ್ಲ, ಡಿಸ್ಕ್ ಬಿಚ್ಚಿಸಿಕೊಂಡು ಹೋದರೆ ಸಾಕು. ಬಿಟ್‌ಲಾಕರ್ ಇದ್ದರೆ ಕೀಲಿಯೂ ಜೊತೆಗಿರಲಿ.

ಕಡೆಗೆ, ಯಂತ್ರದ ಕಡೆ ಹಣ ಹಾಕುವ ಮುಂಚೆ ಒಂದು ಲೆಕ್ಕ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು. ಹಳೆಯ ಡೆಸ್ಕ್‌ಟಾಪ್‌ಗೆ ಅದಿಲ್ಲವಾದರೆ ಡೇಟಾ ತೆಗೆಸುವುದಕ್ಕಷ್ಟೇ ಖರ್ಚು ಮಾಡಿ.

ನಾಲ್ಕನೆಯ ದಾರಿ

ಯಾವ ಅಂಗಡಿಯವರೂ ಹೇಳದ ದಾರಿಯೊಂದಿದೆ: ಡಿಸ್ಕ್ ಅನ್ನು ಅದರ ಪಾಡಿಗೆ ಬಿಟ್ಟು, ಅದರಲ್ಲಿದ್ದದ್ದು ಬೇರೆಲ್ಲಿ ಇದೆ ಎಂದು ಹುಡುಕುವುದು. ಲ್ಯಾಬ್‌ಗೆ ಇಪ್ಪತ್ತು ಸಾವಿರ ಕೊಡುವ ಮುಂಚೆ ಒಂದು ಹಾಳೆ ತೆಗೆದುಕೊಂಡು, ಕಳೆದುಹೋದದ್ದನ್ನು ಒಂದೊಂದಾಗಿ ಬರೆದು ಎದುರಿಗೆ ಬೇರೆ ಜಾಗದ ಹೆಸರು ಬರೆಯಿರಿ. ಪಹಣಿ ಸರ್ಕಾರದ ‘ಭೂಮಿ’ ಜಾಲತಾಣದಲ್ಲಿದೆ. ನೋಂದಾಯಿತ ಕ್ರಯಪತ್ರದ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಈಚಿನ ವರ್ಷಗಳಲ್ಲಿ ಸಲ್ಲಿಸಿದ ಜಿಎಸ್‌ಟಿ ವಿವರ ಅದರ ಪೋರ್ಟಲ್‌ನಲ್ಲಿದೆ. ಲೆಕ್ಕದ ಬ್ಯಾಕಪ್ ಆಡಿಟರ್ ಹತ್ತಿರ ಹೋಗಿರಬಹುದು. ಮದುವೆಯ ಫೋಟೊ ಫೋಟೊಗ್ರಾಫರನ ಡಿಸ್ಕ್‌ನಲ್ಲಿ, ಇಲ್ಲವೇ ತಂಗಿಯ ವಾಟ್ಸ್ಆ್ಯಪ್‌ನಲ್ಲಿ. ಹಾಳೆಯಲ್ಲಿ ಎದುರಿಗೆ ಖಾಲಿ ಉಳಿದ ಸಾಲುಗಳೆಷ್ಟು ಎಂದು ನೋಡಿದರೆ ಎಷ್ಟು ಖರ್ಚು ಮಾಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ನನ್ನ 140 ಪುಟಗಳು ಸಿಕ್ಕಿದ್ದು ಹಾಗೆಯೇ. ಕರಡು ತಿದ್ದಲೆಂದು ಮುದ್ರಿಸಿ ಕೊಟ್ಟಿದ್ದ ಹಾಳೆಗಳು ಸಂಪಾದಕ ಸಮಿತಿಯ ಅಧ್ಯಕ್ಷರ ಮನೆಯ ಅಟ್ಟದ ಮೇಲಿದ್ದವು. ಮೂವತ್ತು ಪುಟಗಳ ಮೇಲೆ ಅರಿಶಿನದ ಬೆರಳಚ್ಚು, ಒಂದರ ಹಿಂದೆ ಹಾಲಿನ ಲೆಕ್ಕ. ಮತ್ತೆ ಟೈಪ್ ಮಾಡಲು ಹತ್ತೊಂಬತ್ತು ರಾತ್ರಿ ಹಿಡಿಯಿತು. ಈ ಸಲ ಯುನಿಕೋಡ್‌ನಲ್ಲಿ ಮಾಡಿದೆ, ಪ್ರತಿ ರಾತ್ರಿ ಅಂಗಡಿ ಮುಚ್ಚುವ ಮುಂಚೆ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ.